ಕಲಿಕಾ ತೊಂದರೆಯ ಮಕ್ಕಳು ಮತ್ತು ಕೂಡಿ ಆಡುವ ಕಲೆ

ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬುದ್ಧಿಯ ಕೊರತೆ ಇರುವುದಿಲ್ಲ. ಅಕ್ಷರವನ್ನು ಅದರ ಧ್ವನಿಗೆ ಜೋಡಿಸುವುದು ತೊಡಕಾಗುತ್ತದೆ. ಡಿಸ್‌ಗ್ರಾಫಿಯಾದಲ್ಲಿ ಬರವಣಿಗೆ, ಡಿಸ್‌ಕ್ಯಾಲ್ಕುಲಿಯಾದಲ್ಲಿ ಲೆಕ್ಕ ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವನ್ನೊಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯದ 21 ಬಗೆಗಳ ಪಟ್ಟಿಯಲ್ಲಿ ಸೇರಿಸಿದೆ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಿರುವ ಕನ್ನಡ ಲಿಪಿ ಯಾವ ಮಗುವಿಗೂ ಒಂದೇ ವರ್ಷದಲ್ಲಿ ಕೈಗೂಡದು. ತೊಡಕಿರುವ ಮಗು ಇನ್ನೂ ಹಿಂದೆ ಬೀಳುತ್ತದೆ. ಗಟ್ಟಿಯಾಗಿ ಓದಿಸುವ ತರಗತಿಯಲ್ಲಿ ಅದರ ಸೋಲು ದಿನವೂ ಎಲ್ಲರ ಕಿವಿಗೆ ಬೀಳುತ್ತದೆ, ‘ದಡ್ಡ’ ಎಂಬ ಹೆಸರು ಅಂಟಿಕೊಳ್ಳುತ್ತದೆ.

ಅಂಥ ಮಗುವನ್ನು ಉಳಿದವರ ಪಕ್ಕ ಕೂರಿಸಿದ ಮಾತ್ರಕ್ಕೆ ಈ ಹೆಸರು ಅಳಿಯದು. ಪೂರ್ವಗ್ರಹ ಕರಗಬೇಕಾದರೆ ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಅಧಿಕಾರದಲ್ಲಿರುವವರ ಬೆಂಬಲ ಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಾದಿಸಿದ್ದರು. ಅವರ ಮುಂದಿದ್ದದ್ದು ಜನಾಂಗ ದ್ವೇಷದ ಪ್ರಶ್ನೆ. ಆದರೂ ಆ ಮಾತು ಶಾಲೆಗೂ ಹೊಂದುತ್ತದೆ. ಕೂಡಿ ಆಡುವ ಕಲೆಯಲ್ಲಿ ಇಂಥ ಸಹಕಾರಕ್ಕೆ ಅವಕಾಶವಿದೆ. ಜರ್ಮನಿಯಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕಲ್ ಟೊಮಾಸೆಲೊ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೊತೆಯಾಗಿ ಹಾಡಿ ಕುಣಿದ ನಾಲ್ಕು ವರ್ಷದ ಮಕ್ಕಳು, ಅದೇ ಆಟವನ್ನು ಸಂಗೀತವಿಲ್ಲದೆ ಆಡಿದವರಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ನೆರವಾದರು.

ಹಾಗೆಂದು ಓದಿನಲ್ಲಿ ಸೋತವರೆಲ್ಲ ಕಲೆಯಲ್ಲಿ ಗೆಲ್ಲುತ್ತಾರೆಂಬುದು ಸಿನಿಮಾ ಬೆಳೆಸಿದ ಭ್ರಮೆ. ಕೇಂಬ್ರಿಡ್ಜ್‌ನ ಉಷಾ ಗೋಸ್ವಾಮಿ ಅವರ ಸಂಶೋಧನೆಯ ಪ್ರಕಾರ ಡಿಸ್ಲೆಕ್ಸಿಯಾ ಇರುವ ಹಲವು ಮಕ್ಕಳಿಗೆ ತಾಳ ಹಿಡಿಯುವುದೇ ಕಷ್ಟ. ಮಾತಿನ ಲಯವನ್ನು ಮಿದುಳು ಗುರುತಿಸುವ ಬಗೆಗೂ ಓದಿನ ತೊಡಕಿಗೂ ನಂಟಿದೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಕೋಲಾಟದಂಥ ತಾಳದ ಕುಣಿತದಲ್ಲಿ ವೇಗ ನಿಧಾನವಾಗಿ ಏರಬೇಕು. ತಪ್ಪಿದವರನ್ನು ಸುತ್ತಿನಿಂದ ಹೊರಗಿಡುವ ರೂಢಿ ಬಿಡಬೇಕು.

ನಾಟಕದಲ್ಲಿ ಮೊದಲ ಅಡ್ಡಿ ಮಾತುಗಳನ್ನು ಬರೆದ ಹಾಳೆ. ಪಾತ್ರಗಳನ್ನು ಓದಿಸಿ ಹಂಚಿದರೆ ತರಗತಿಯ ಶ್ರೇಣಿಯೇ ರಂಗಕ್ಕೂ ಬರುತ್ತದೆ. ಓದು ಬಾರದವನಿಗೆ ಮರದ ಪಾತ್ರ ಸಿಗುತ್ತದೆ. ಇದಕ್ಕೆ ಯಕ್ಷಗಾನದಲ್ಲೇ ಉತ್ತರವಿದೆ. ಅಲ್ಲಿ ಭಾಗವತರು ಹಾಡುವ ಪದ್ಯ ಬರಹದಲ್ಲಿರುತ್ತದೆ, ಪಾತ್ರಧಾರಿಯ ಅರ್ಥಗಾರಿಕೆ ಸಾಂಪ್ರದಾಯಿಕವಾಗಿ ಆಶು ಮಾತು. ಕಥೆಯನ್ನು ಕೇಳಿ ಅರಿತು ಸ್ವಂತ ಮಾತಿನಲ್ಲಿ ಆಡುವ ಈ ಕ್ರಮದಲ್ಲಿ ಓದಬಲ್ಲವರೂ ಓದಲಾಗದವರೂ ಒಂದೇ ಕಡೆಯಿಂದ ಹೊರಡುತ್ತಾರೆ. ಬರೆಯಲು ತಡವರಿಸುವ ಮಗು ಇಲ್ಲಿ ವಾದ ಹೂಡಬಹುದು, ಎದುರಾಳಿಯನ್ನು ಕೆಣಕಬಹುದು.

ಕೂಡಿ ಕುಣಿದರೆ ಓದು ತಾನಾಗಿ ಬರುವುದಿಲ್ಲ. ಅಕ್ಷರ ಮತ್ತು ಧ್ವನಿಯ ನಂಟನ್ನು ಹಂತಹಂತವಾಗಿ ಕಲಿಸುವ ವಿಶೇಷ ಪಾಠ ಬೇಕೇ ಬೇಕು. ಆ ಪಾಠವನ್ನು ತಾಲೀಮಿನ ಅವಧಿಗೇ ಇಟ್ಟರೆ ಮಗು ತಂಡದಿಂದ ಮತ್ತೆ ಹೊರಗುಳಿಯುತ್ತದೆ. ವೇಳಾಪಟ್ಟಿ ಮಾಡುವಾಗಲೇ ಎರಡನ್ನೂ ಬೇರೆ ಬೇರೆ ಅವಧಿಗೆ ಹಾಕಬೇಕು.