ಕಳಲೆ: ದಳವಾಯಿಗಳ ಊರು

ನಂಜನಗೂಡಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನ ದರ್ಶನ ಪಡೆದು ಹಿಂದಿರುಗುವರು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಕಳಲೆಯವರೆಗೆ ಹೋಗುವವರು ವಿರಳ. ಹೊಲಗದ್ದೆಗಳ ನಡುವಣ ಸಾಧಾರಣ ಗ್ರಾಮವಿದು. ಆದರೆ ಇಲ್ಲಿನ ಲಕ್ಷ್ಮೀಕಾಂತಸ್ವಾಮಿಯ ದೇವಾಲಯವನ್ನು ಕಂಡೊಡನೆ, ದ್ರಾವಿಡ ಶೈಲಿಯ ಇಷ್ಟು ದೊಡ್ಡ ಗುಡಿ ಇಷ್ಟು ಸಣ್ಣ ಊರಿಗೆ ಹೇಗೆ ಬಂದಿತೆಂಬ ಪ್ರಶ್ನೆ ನೋಡುವವರಲ್ಲಿ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಕಳಲೆಯ ಅರಸು ಮನೆತನದ ಚರಿತ್ರೆಯಲ್ಲಿದೆ.

‘ಕಳಲೆ’ ಎಂದರೆ ಎಳಬಿದಿರಿನ ಮೊಳಕೆ. ಈ ಹೆಸರಿನ ಊರಿನಲ್ಲಿ ನೆಲೆಸಿದ ಮನೆತನದವರು ತಮ್ಮನ್ನು ದ್ವಾರಕೆಯಿಂದ ಬಂದ ಯಾದವರೆಂದು ಹೇಳಿಕೊಂಡರು. ಮೈಸೂರಿನ ಒಡೆಯರ ಮನೆತನದ ಮೂಲಕಥೆಯೂ ಇದೇ ಬಗೆಯದು. ಈ ಹೋಲಿಕೆ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಸಂಬಂಧ ಬೆಳೆಸಬಯಸುವ ಎರಡು ಮನೆತನಗಳಿಗೆ ಒಂದೇ ಕುಲದ ಮೂಲವನ್ನು ಹೇಳಿಕೊಳ್ಳುವುದು ಅನುಕೂಲವಾಗಿತ್ತು.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ಬಳಿಕ, ಸುಮಾರು 1614ರಲ್ಲಿ ಈ ಎರಡು ಮನೆತನಗಳ ನಡುವೆ ಒಂದು ಒಪ್ಪಂದವಾಯಿತೆಂದು ‘ಕಳಲೆ ಅರಸುಗಳ ವಂಶಾವಳಿ’ ತಿಳಿಸುತ್ತದೆ. ಅದರಂತೆ ಸಿಂಹಾಸನ ಮೈಸೂರಿನವರದು, ದಳವಾಯಿಯ ಪದವಿ ಕಳಲೆಯವರದು. ವಂಶಾವಳಿಯು ರೂಪ ತಾಳಿದುದು 19ನೆಯ ಶತಮಾನದಲ್ಲಿ, ಮನೆತನದ ಅಧಿಕಾರವು ಅಳಿದ ಮೇಲೆ. ಆದುದರಿಂದ ಅದರ ಮಾತುಗಳನ್ನು ಎಚ್ಚರಿಕೆಯಿಂದ ಓದಬೇಕು. ಆ ಪದವಿಗೇರಿದವರೆಲ್ಲರೂ ಕಳಲೆಯವರೇ ಅಲ್ಲ. ಆದರೂ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1682ರಲ್ಲಿ ತಿರುಚಿರಾಪಳ್ಳಿಯ ಮುಂದೆ ದಂಡು ಹೂಡಿದ ಕುಮಾರಯ್ಯ ಮೊದಲಾಗಿ, ಈ ಊರಿನವರು ಮತ್ತೆ ಮತ್ತೆ ಸೇನೆಯ ನಾಯಕತ್ವ ವಹಿಸಿದುದು ನಿಶ್ಚಯ.

ಖಡ್ಗವು ಒಂದು ಮನೆಯಲ್ಲಿ, ಕಿರೀಟವು ಇನ್ನೊಂದು ಮನೆಯಲ್ಲಿ ಇರುವ ಈ ವ್ಯವಸ್ಥೆ ಅರಸನು ಸಮರ್ಥನಾಗಿರುವವರೆಗೆ ನಡೆಯಿತು. 1724ರಲ್ಲಿ ದೇವರಾಜಯ್ಯನು ದಳವಾಯಿಯಾದ ಬಳಿಕ ತಕ್ಕಡಿ ವಾಲಿತು. 1734ರಲ್ಲಿ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಡಲಾಯಿತು. ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯನು ಸರ್ವಾಧಿಕಾರಿಯಾದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಮಾತ್ರ ಅರಸರಾಗಿ ಉಳಿದರು.

ನಂಜರಾಜಯ್ಯನು 1752ರಲ್ಲಿ ತಿರುಚಿರಾಪಳ್ಳಿಗೆ ದಂಡೆತ್ತಿ ಹೋದನು. ನೆರವಿಗೆ ಪ್ರತಿಯಾಗಿ ಆ ಕೋಟೆಯನ್ನು ಬಿಟ್ಟುಕೊಡುವುದಾಗಿ ಮಹಮ್ಮದಾಲಿಯು ಮಾತು ಕೊಟ್ಟಿದ್ದನು. ಕಾರ್ಯ ಕೈಗೂಡಿದ ಮೇಲೆ ಮಾತು ತಪ್ಪಿದನು. 1755ರಲ್ಲಿ ಬರಿಗೈಯಿಂದ ಹಿಂದಿರುಗುವಷ್ಟರಲ್ಲಿ ಬೊಕ್ಕಸವು ಬರಿದಾಗಿತ್ತು. ಅದೇ ವರ್ಷ ಸಲಾಬತ್ ಜಂಗನು ಕಪ್ಪ ಕೇಳುತ್ತ ಶ್ರೀರಂಗಪಟ್ಟಣದ ಮುಂದೆ ನಿಂತನು. ಮರುವರ್ಷ ನಂಜರಾಜಯ್ಯನು ಅರಮನೆಯ ಮೇಲೆಯೇ ಫಿರಂಗಿಯನ್ನು ತಿರುಗಿಸಿದನು. ಅಣ್ಣನು ಬೇಸತ್ತು ಸತ್ಯಮಂಗಲಕ್ಕೆ ಹೊರಟುಹೋದನು. ಸಂಬಳ ಕಾಣದ ಸೈನಿಕರು ದಂಗೆಯೆದ್ದಾಗ ಅವರನ್ನು ಸಮಾಧಾನಪಡಿಸಿದವನು, ಈ ಸಹೋದರರ ಕೆಳಗೆಯೇ ಮುಂದೆ ಬಂದ ಹೈದರಾಲಿ. 1758ರಲ್ಲಿ ದೇವರಾಜಯ್ಯನು ತೀರಿಕೊಂಡನು. 1759ರಲ್ಲಿ ನಂಜರಾಜಯ್ಯನು ಅಧಿಕಾರದಿಂದ ಇಳಿದನು. 1761ರಲ್ಲಿ ರಾಜ್ಯವು ಹೈದರನ ಕೈಸೇರಿತು.

ಇಷ್ಟನ್ನೇ ಹಿಡಿದು ಕಳಲೆಯವರನ್ನು ರಾಜದ್ರೋಹಿಗಳೆಂದು ಮುಗಿಸಿಬಿಡುವ ರೂಢಿಯುಂಟು. ಅವರ ತಪ್ಪುಗಳನ್ನು ಮುಚ್ಚುವುದು ನಮ್ಮ ಉದ್ದೇಶವಲ್ಲ. ಆದರೆ ಇದೇ ನಂಜರಾಜಯ್ಯನು ‘ಶಿವಭಕ್ತಿ ವಿಲಾಸ’, ‘ಹಾಲಾಸ್ಯ ಮಾಹಾತ್ಮ್ಯ’, ‘ಕಕುದ್ಗಿರಿ ಮಾಹಾತ್ಮ್ಯ’ಗಳನ್ನು ಕನ್ನಡದಲ್ಲಿಯೂ ‘ಸಂಗೀತ ಗಂಗಾಧರ’ವನ್ನು ಸಂಸ್ಕೃತದಲ್ಲಿಯೂ ರಚಿಸಿದವನು. ತಂದೆ ವೀರರಾಜನು ‘ಸಕಲವೈದ್ಯ ಸಂಹಿತಾ ಸಾರಾರ್ಣವ’ವೆಂಬ ವೈದ್ಯಗ್ರಂಥದ ಕರ್ತೃ. ನೃಸಿಂಹ ಕವಿಯ ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಗ್ರಂಥಕ್ಕೆ ನಾಯಕನು ಅರಸನಲ್ಲ, ಈ ಸರ್ವಾಧಿಕಾರಿಯೇ. ಮೊದಲು ಸಣ್ಣದಾಗಿದ್ದ ನಂಜನಗೂಡಿನ ದೇವಾಲಯವನ್ನು ವಿಸ್ತರಿಸಿದವರಲ್ಲಿಯೂ ಅವನು ಒಬ್ಬನು. ಮನೆತನದ ಊರಿನಲ್ಲಿ ವಿಷ್ಣುವಿನ ಗುಡಿ, ಮನೆತನದ ಲೇಖನಿಯಲ್ಲಿ ಶಿವನ ಮಹಿಮೆ: ಇವೆರಡರ ನಡುವೆ ಅವರು ವಿರೋಧ ಕಂಡಂತಿಲ್ಲ.

ಕಳಲೆಯು ಏಕೆ ಗ್ರಾಮವಾಗಿಯೇ ಉಳಿಯಿತೆಂಬುದಕ್ಕೂ ಆ ಹಳೆಯ ಒಪ್ಪಂದದಲ್ಲಿಯೇ ಉತ್ತರವಿದೆಯೆಂದು ನಮ್ಮ ಅಭಿಪ್ರಾಯ. ಅದರಿಂದ ಪದವಿ ದೊರೆತದ್ದು ಮನೆತನಕ್ಕೆ, ಊರಿಗಲ್ಲ. ಪದವಿಯಿದ್ದುದು ಶ್ರೀರಂಗಪಟ್ಟಣದಲ್ಲಿ, ಸೇನೆ, ಬೊಕ್ಕಸ, ಆಸ್ಥಾನ, ಕವಿಗಳು ಎಲ್ಲವೂ ಅಲ್ಲಿಯೇ ಸೇರಿದವು. ದಳವಾಯಿಗಿರಿಯು ಹೋದಾಗ ಊರಿಗೆ ಮರಳಿ ಬರುವಂಥ ಸಂಪತ್ತು ಉಳಿದಿರಲಿಲ್ಲ. ತಮ್ಮ ಊರೆಂಬ ಅಭಿಮಾನಕ್ಕೆ ಗುರುತಾಗಿ ಲಕ್ಷ್ಮೀಕಾಂತನ ಗುಡಿಯೊಂದು ಉಳಿಯಿತು. ಮೈಸೂರಿನ ಚರಿತ್ರೆಯನ್ನು ಅರಮನೆಯ ಕಡೆಯಿಂದಷ್ಟೇ ಓದುವವರು ಒಮ್ಮೆ ಆ ಗುಡಿಯ ಮುಂದೆ ನಿಂತು, ಅದೇ ಕಥೆಯನ್ನು ಕಳಲೆಯ ಕಡೆಯಿಂದಲೂ ಓದಬೇಕು.