ಇಂಜಿನ್ನಿನ ಉಸಿರು, ನಮ್ಮ ಜೇಬು

ಮಸ್ಕತ್ತಿನ ಕನ್ನಡಿಗರಿಗೆ ವಾದಿ ಕಬೀರ್ ಎಂದರೆ ಗ್ಯಾರೇಜು, ಬಿಡಿಭಾಗದ ಅಂಗಡಿಗಳ ಸಾಲು. "ಇನ್‌ಟೇಕ್ ಮ್ಯಾನಿಫೋಲ್ಡ್ ಬದಲಿಸಿದರೆ ಗಾಡಿ ಹಾರುತ್ತದೆ" ಎಂಬ ಆಸೆ ನಮ್ಮ ಹುಡುಗರಿಗೆ ಹುಟ್ಟುವುದೂ ಇಂಥಲ್ಲೇ. ಊರಿಗೆ ಕಳಿಸಬೇಕಾದ ರಿಯಾಲ್ ಅದಕ್ಕೆ ಸುರಿಯುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಾಡಿ ಓಡುವುದೆಲ್ಲಿ?

ಮ್ಯಾನಿಫೋಲ್ಡ್ ಅಂದರೆ ಪ್ರತಿ ಸಿಲಿಂಡರಿಗೂ ಗಾಳಿ ಹಂಚುವ ಕೊಳವೆಗಳ ಗುಚ್ಛ. ಉದ್ದನೆಯ ಸಪೂರ ಕೊಳವೆ ಕಡಿಮೆ ಆರ್‌ಪಿಎಂನಲ್ಲೇ ಎಳೆತ ಕೊಡುತ್ತದೆ. ಗಿಡ್ಡ, ಅಗಲ ಕೊಳವೆಯ ಶಕ್ತಿ ಕಾಣುವುದು ಇಂಜಿನ್ ಜೋರಾಗಿ ಸುತ್ತುವಾಗ ಮಾತ್ರ. ವಹೀಬಾ ಮರಳುದಿಬ್ಬ ಹತ್ತುವ 4.8 ಲೀಟರಿನ ನಿಸ್ಸಾನ್ ಪಟ್ರೋಲ್ ಜೀಪಿಗೂ, ಆಫೀಸಿಗೆ ಹೋಗುವ ಕಾರಿಗೂ ಮೊದಲನೆಯದೇ ಅನುಕೂಲ. ಎರಡನೆಯದು ರೇಸ್ ಟ್ರ್ಯಾಕಿಗೆ.

ಹಳೆಯದು ಕೊಳ್ಳುವಿರಾದರೆ ಬಿರುಕು ನೋಡಿ. ಕೂಡುವ ಮುಖಕ್ಕೆ ನೇರ ಪಟ್ಟಿ ಇಟ್ಟು ಸಮತಟ್ಟಾಗಿದೆಯೇ ಪರೀಕ್ಷಿಸಿ. ರಂಧ್ರಗಳು ಇಂಜಿನ್ ಹೆಡ್ಡಿಗೆ ಹೊಂದಬೇಕು. ಸಂದಿಯಲ್ಲಿ ಗಾಳಿ ನುಸುಳಿದರೆ ಪೆಟ್ರೋಲು–ಗಾಳಿಯ ಹದ ಕೆಡುತ್ತದೆ. ಹೊಸ ಗ್ಯಾಸ್ಕೆಟ್, ಟ್ಯೂನಿಂಗ್ ಖರ್ಚೂ ಲೆಕ್ಕಕ್ಕಿರಲಿ.

ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 1 ಇಳಿಯುತ್ತದೆ. ಇಲ್ಲಿನ ಬೇಸಿಗೆಯಲ್ಲಿ ಬಾನೆಟ್ಟಿನೊಳಗಿನ ಕಾವಿನ ಬದಲು ಹೊರಗಿನ ಗಾಳಿಯನ್ನು ಫಿಲ್ಟರಿಗೆ ತರುವ ಪೈಪೇ ಅಗ್ಗದ ಮೊದಲ ಹೆಜ್ಜೆ. ಬದಲಾವಣೆಗೆ ಮುನ್ನ ರಾಯಲ್ ಓಮಾನ್ ಪೊಲೀಸರ ನಿಯಮವನ್ನೂ ವಿಚಾರಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಂಜಿನ್ನಿಗೂ ಸಲ್ಲುತ್ತದೆ.