ದಾದಿಯ ಕಲಿಕೆಗೆ ಬೇಕಾದ ಲೆಕ್ಕ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಮನಸ್ಸು ಮಾಡುವುದುಂಟು. ಈಗ ಗಂಡುಮಕ್ಕಳೂ ಆ ಕಡೆಗೆ ಹೊರಟಿದ್ದಾರೆ. ಇವರಲ್ಲಿ ಹಲವರು ಜೀವಶಾಸ್ತ್ರವನ್ನು ಆರಿಸಿಕೊಂಡು, ಗಣಿತವನ್ನು ಹತ್ತನೆಯ ತರಗತಿಗೇ ಕೈಬಿಟ್ಟವರು. ಲೆಕ್ಕದ ಕಾಟ ತಪ್ಪಿತೆಂದು ಸಮಾಧಾನಪಟ್ಟವರೂ ಇದ್ದಾರೆ. ಆದರೆ ಆ ಕಾಟ ತಪ್ಪುವುದಿಲ್ಲ. ದಾದಿಯ ಕೈಯಲ್ಲಿ ಔಷಧವಿರುವವರೆಗೆ ತಲೆಯಲ್ಲಿ ಲೆಕ್ಕವಿರಲೇಬೇಕು.

ಮಹಾರಾಷ್ಟ್ರದ ಸಿ.ಇ.ಟಿ. ಸೆಲ್ ಬಿ.ಎಸ್ಸಿ. ನರ್ಸಿಂಗ್ ಪ್ರವೇಶಕ್ಕೆ ನಡೆಸುವ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಮತ್ತು ನರ್ಸಿಂಗ್ ಆಪ್ಟಿಟ್ಯೂಡ್ ಎಂಬ ವಿಭಾಗಗಳಿವೆ. ಗಣಿತವೆಂಬ ಹೆಸರು ಅಲ್ಲಿಲ್ಲ. ಆದರೆ ಭೌತ, ರಸಾಯನಗಳ ಪ್ರಶ್ನೆಗಳಲ್ಲಿ ದಶಾಂಶವೂ ಪ್ರಮಾಣವೂ ಅಡಗಿ ಕುಳಿತಿರುತ್ತವೆ. ಮುಂದೆ ಕಲಿತು ಮುಗಿಸಿ ನೌಕರಿಗೆ ಹೋದರೂ ಬಿಡುಗಡೆಯಿಲ್ಲ. ರೈಲ್ವೆ ನೇಮಕಾತಿ ಮಂಡಳಿಯು 2019ರಲ್ಲಿ ಸ್ಟಾಫ್ ನರ್ಸ್ ಮೊದಲಾದ ಹುದ್ದೆಗಳಿಗೆ ನಡೆಸಿದ ಪರೀಕ್ಷೆಯಲ್ಲಿ 90 ನಿಮಿಷಕ್ಕೆ 100 ಪ್ರಶ್ನೆಗಳಿದ್ದು, ಅಂಕಗಣಿತವೂ ಅದರಲ್ಲಿ ಸೇರಿತ್ತು. ಒಂದೊಂದು ಪ್ರಶ್ನೆಗೆ ದೊರೆತದ್ದು 54 ಸೆಕೆಂಡು. ಮೂರು ತಪ್ಪು ಉತ್ತರಗಳು ಒಂದು ಸರಿ ಉತ್ತರದ ಅಂಕವನ್ನು ನುಂಗಿಬಿಡುತ್ತಿದ್ದವು.

ಹಾಗೆಂದು ಹೆದರತಕ್ಕದ್ದಿಲ್ಲ. ಇಲ್ಲಿ ಬೇಕಾದದ್ದು ಬಹುಮಟ್ಟಿಗೆ ನಮ್ಮ ಹಿರಿಯರು ತ್ರೈರಾಶಿಕವೆಂದು ಕರೆದ ಲೆಕ್ಕ: ಇಷ್ಟಕ್ಕೆ ಇಷ್ಟಾದರೆ, ಅಷ್ಟಕ್ಕೆ ಎಷ್ಟು? ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರ ಗಣಿತ' ಎಂಬ ಗ್ರಂಥವನ್ನು ಬರೆದಿದ್ದಾನೆ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರೂ, ಕಚೇರಿಯಲ್ಲಿ ಸಂಬಳದ ಪಟ್ಟಿ ಬರೆಯುವವರೂ ದಿನವೂ ಮಾಡುವುದು ಇದನ್ನೇ. ಆದುದರಿಂದ ಮನೆಯಲ್ಲಿರುವ ಅಪ್ಪ, ಚಿಕ್ಕಪ್ಪ, ಅಣ್ಣಂದಿರು ಈ ವಿಷಯದಲ್ಲಿ ಒಳ್ಳೆಯ ಮೇಷ್ಟ್ರುಗಳಾಗಬಲ್ಲರು. ಪರೀಕ್ಷೆಯ ಮಾತಷ್ಟೆ ಬೇರೆ: ಭಿನ್ನರಾಶಿ ಅಲ್ಲಿ ಫ್ರ್ಯಾಕ್ಷನ್, ದಶಾಂಶ ಡೆಸಿಮಲ್, ಶೇಕಡಾ ಪರ್ಸೆಂಟ್, ಪ್ರಮಾಣ ರೇಷಿಯೋ. ಈ ನಾಲ್ಕು ಹೆಸರುಗಳ ಗುರುತಾದರೆ ಅರ್ಧ ಭಯ ಹೋಯಿತು.

ಮೊದಲು ದಶಾಂಶ. 1957ರ ಏಪ್ರಿಲ್ 1ರಂದು 16 ಆಣೆಯ ರೂಪಾಯಿ ಹೋಗಿ 100 ಪೈಸೆಯ ರೂಪಾಯಿ ಬಂದಿತು. ಅಂದಿನಿಂದ ನಮ್ಮ ಜೇಬಿನಲ್ಲಿ ದಶಾಂಶವಿದೆ. 0.50 ರೂಪಾಯಿ ಎಂದರೆ 50 ಪೈಸೆ, 0.05 ಎಂದರೆ 5 ಪೈಸೆ. ಚುಕ್ಕೆ ಒಂದು ಮನೆ ಜರುಗಿದರೆ ಬೆಲೆ ಹತ್ತರಷ್ಟು ಬದಲಾಗುತ್ತದೆ. ಅಂಗಡಿಯಲ್ಲಿ ಹೋಗುವುದು ಕಾಸು. ಆಸ್ಪತ್ರೆಯಲ್ಲಿ ಹೋಗಬಹುದಾದದ್ದು ಪ್ರಾಣ. ಅದಕ್ಕಾಗಿಯೇ ಔಷಧ ಬರೆಯುವಾಗ ಎರಡು ನಿಯಮಗಳಿವೆ. ಒಂದಕ್ಕಿಂತ ಕಡಮೆಯಿದ್ದರೆ ಚುಕ್ಕೆಯ ಹಿಂದೆ ಸೊನ್ನೆ ಹಾಕಬೇಕು: .5 ಅಲ್ಲ, 0.5. ಪೂರ್ಣಾಂಕದ ಮುಂದೆ ಚುಕ್ಕೆ, ಸೊನ್ನೆ ಬೇಡ: 5.0 ಅಲ್ಲ, 5. ಚುಕ್ಕೆ ಕಾಣದೆ ಹೋದರೆ ಮೊದಲನೆಯದು 5 ಆಗುತ್ತದೆ, ಎರಡನೆಯದು 50 ಆಗುತ್ತದೆ.

ಎರಡನೆಯದು ಅಳತೆ. 1 ಗ್ರಾಮಿಗೆ 1000 ಮಿಲಿಗ್ರಾಂ. 1 ಮಿಲಿಗ್ರಾಮಿಗೆ 1000 ಮೈಕ್ರೋಗ್ರಾಂ. 1 ಲೀಟರಿಗೆ 1000 ಮಿಲಿಲೀಟರ್. ಲೆಕ್ಕಕ್ಕೆ ಕೈಹಾಕುವ ಮುನ್ನ ಎಲ್ಲವನ್ನೂ ಒಂದೇ ಅಳತೆಗೆ ತರಬೇಕು.

ಮೂರನೆಯದು ತ್ರೈರಾಶಿಕ. ಒಂದು ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ವೈದ್ಯರು 200 ಮಿಲಿಗ್ರಾಂ ಕೊಡಲು ಬರೆದಿದ್ದಾರೆ. 200ನ್ನು 125ರಿಂದ ಭಾಗಿಸಿ 5ರಿಂದ ಗುಣಿಸಿದರೆ 8 ಮಿಲಿಲೀಟರ್. ಅದೇ ಔಷಧ 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಸೀಸೆಯಲ್ಲಿಯೂ ಬರುತ್ತದೆ. ಆಗ ಉತ್ತರ 4. ಔಷಧ ಗಟ್ಟಿಯಾದಂತೆ ಅಳತೆ ಇಳಿಯಬೇಕು. ಏರಿದರೆ ಎಲ್ಲಿಯೋ ತಪ್ಪಿದೆ ಎಂದು ತಿಳಿಯಬೇಕು. (ಇವು ಅಭ್ಯಾಸದ ಲೆಕ್ಕಗಳು, ಮನೆಯಲ್ಲಿ ಔಷಧ ಕೊಡಲು ವೈದ್ಯರ ಮಾತೇ ಪ್ರಮಾಣ.)

ನಾಲ್ಕನೆಯದು ಶೇಕಡಾ. ಸಲೈನ್ ಸೀಸೆಯ ಮೇಲೆ 0.9 ಶೇಕಡಾ ಎಂದಿದ್ದರೆ 100 ಮಿಲಿಲೀಟರಿಗೆ 0.9 ಗ್ರಾಂ ಉಪ್ಪು ಎಂದರ್ಥ. 500 ಮಿಲಿಲೀಟರಿನ ಸೀಸೆಯಲ್ಲಿ 4.5 ಗ್ರಾಂ.

ಐದನೆಯದು ವೇಗ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ರೈಲು 34 ಕಿಲೋಮೀಟರನ್ನು 57 ನಿಮಿಷಗಳಲ್ಲಿ ಮುಟ್ಟಿತು. 34ನ್ನು 60ರಿಂದ ಗುಣಿಸಿ 57ರಿಂದ ಭಾಗಿಸಿದರೆ ಗಂಟೆಗೆ ಸುಮಾರು 36 ಕಿಲೋಮೀಟರ್. ಸಲೈನ್ ಹನಿಗಳ ಲೆಕ್ಕದ ದಾರಿಯೂ ಇದೇ. 500 ಮಿಲಿಲೀಟರ್ 4 ಗಂಟೆಯಲ್ಲಿ ಇಳಿಯಬೇಕು. ನಳಿಕೆಯಲ್ಲಿ 1 ಮಿಲಿಲೀಟರಿಗೆ 20 ಹನಿ. ಒಟ್ಟು ಹನಿಗಳು 10,000, ನಿಮಿಷಗಳು 240. ನಿಮಿಷಕ್ಕೆ ಸುಮಾರು 42 ಹನಿ.

ಇನ್ನು ಅಭ್ಯಾಸದ ಕ್ರಮ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನ ತಪ್ಪಬಾರದು. ಮೊದಲ ವಾರ 20ರವರೆಗೆ ಮಗ್ಗಿ. ಆಮೇಲೆ ಮೇಲಿನ ಐದು ಬಗೆಗಳಲ್ಲಿ ದಿನಕ್ಕೆ ಹತ್ತು ಲೆಕ್ಕ. ಮೊಬೈಲಿನ ಕ್ಯಾಲ್ಕುಲೇಟರನ್ನು ಮುಟ್ಟದೆ, ಕಾಗದದ ಮೇಲೆ, ಅಳತೆಯ ಹೆಸರನ್ನೂ ಬರೆದು ಮಾಡಬೇಕು. ಮಾಡುವ ಮುಂಚೆ ಉತ್ತರ ಎಷ್ಟರ ಆಸುಪಾಸಿನಲ್ಲಿರಬೇಕೆಂದು ಅಂದಾಜು ಮಾಡಬೇಕು. ತಪ್ಪಾದವುಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟು ಭಾನುವಾರ ಮತ್ತೆ ಮಾಡಬೇಕು. ಲೋಕಲಿನಲ್ಲಿ ನಿಲ್ಲಲು ಜಾಗವಿಲ್ಲದಿದ್ದರೂ ಬಾಯಿಲೆಕ್ಕಕ್ಕೆ ಅಡ್ಡಿಯಿಲ್ಲ.

ಪರೀಕ್ಷೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿಕೊಳ್ಳಬೇಕು. ಮನೆಯಲ್ಲಿ ಸದ್ದುಗದ್ದಲವಿದ್ದರೆ ಮಕ್ಕಳನ್ನು ವಾಚನಾಲಯಕ್ಕೆ ಕಳುಹಿಸಿ; ಮೇಜು, ದೀಪ ಇಲ್ಲಿವೆ, ಬಾಡಿಗೆಯಿಲ್ಲ. ಕೆಲಸದಿಂದ ಮರಳಿದ ಹಿರಿಯರು ಪಕ್ಕದಲ್ಲಿ ಕುಳಿತು ಎರಡು ಲೆಕ್ಕ ಕೇಳಿದರೆ, ಅದು ಮಗಳಿಗೆ ಕೊಡುವ ಫೀಸಿಗಿಂತ ಕಡಮೆಯ ನೆರವೇನೂ ಅಲ್ಲ.